ಸವಳು ನೀರು, ಹಳದಿ ಬೀನ್ಸ್, ಬೆಳೆಯದ ಬೇರುಗಂಟು: ನಿಮ್ಮ ಅನುಭವ ತಿಳಿಸಿ

ಪ್ರಶ್ನೆ:
ನಮ್ಮ ಕೊಳವೆಬಾವಿಯ ನೀರು ಸವಳು. ಬೀನ್ಸ್ ಬೀಜಕ್ಕೆ ರೈಜೋಬಿಯಂ (ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ) ಲೇಪಿಸಿ ಬಿತ್ತಿದ್ದೆ. 40 ದಿನ ಕಳೆದರೂ ಗಿಡ ಹಳದಿ. ಕಿತ್ತು ನೋಡಿದರೆ ಬೇರುಗಂಟುಗಳು ಅಲ್ಲೊಂದು ಇಲ್ಲೊಂದು, ಅವೂ ಸಾಸಿವೆಯಷ್ಟೇ. ಜೀವಾಣು ಗೊಬ್ಬರವೇ ಸತ್ತಿತ್ತೇ? ಮತ್ತೊಮ್ಮೆ ಬುಡಕ್ಕೆ ಸುರಿಯಲೇ?

ಮೊದಲ ಉತ್ತರ:
ದಯವಿಟ್ಟು ಸುರಿಯಬೇಡಿ. ನಾನೂ ಎರಡು ಬೆಳೆ ಹೋಗುವವರೆಗೆ ಪೊಟ್ಟಣವನ್ನೇ ದೂರಿದೆ. ಕೊನೆಗೆ ಒಂದೇ ಪೊಟ್ಟಣದಿಂದ ಬೀಜೋಪಚಾರ ಮಾಡಿ ಎರಡು ಕುಂಡಗಳಲ್ಲಿ ಬಿತ್ತಿದೆ. ಒಂದಕ್ಕೆ ಮಳೆನೀರು, ಇನ್ನೊಂದಕ್ಕೆ ಸವಳು ನೀರು. ಮಳೆನೀರಿನ ಗಿಡದ ಬೇರು ಗಂಟುಗಳಿಂದ ತುಂಬಿತ್ತು. ಇನ್ನೊಂದರಲ್ಲಿ ಬೆರಳೆಣಿಕೆಯಷ್ಟು.

ರೈಜೋಬಿಯಂನ ಎಷ್ಟೋ ತಳಿಗಳು ಬೀನ್ಸ್ ಗಿಡ ತಾಳಲಾರದ ಉಪ್ಪಿನಲ್ಲೂ ಬದುಕುತ್ತವೆ. ಮೊದಲು ಸೋಲುವುದು ಗಿಡ. ಬೇರುರೋಮ ಸುರುಳಿಯಾಗಿ ಬ್ಯಾಕ್ಟೀರಿಯಾವನ್ನು ಒಳಗೆ ಕರೆದುಕೊಳ್ಳುವ ಎಳೆಯ ದಿನಗಳಿವೆಯಲ್ಲ, ಆಗ ಉಪ್ಪು ತಾಗಿದರೆ ರೋಮ ಸುರುಳಿಯಾಗುವುದೇ ಕಡಿಮೆ. ಗಂಟುಗಳ ಸಂಖ್ಯೆ ಬಹುಪಾಲು ಅಲ್ಲಿಯೇ ತೀರ್ಮಾನವಾಗುತ್ತದೆ. ಆದ್ದರಿಂದ ಸಿಹಿನೀರು ಸ್ವಲ್ಪವೇ ಇದ್ದರೂ ಬಿತ್ತನೆಯ ಮೊದಲ ವಾರಗಳಿಗೆ ಅದನ್ನು ಮೀಸಲಿಡಿ.

ಎರಡನೆಯ ಉತ್ತರ:
ಎಣಿಸಿದರೆ ಸಾಲದು, ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಲೆಗ್‌ಹಿಮೋಗ್ಲೋಬಿನ್ (ಗಂಟಿನೊಳಗೆ ಆಮ್ಲಜನಕ ಸಾಗಿಸುವ ಕೆಂಪು ಪ್ರೋಟೀನ್) ಇದೆ, ಗಂಟು ದುಡಿಯುತ್ತಿದೆ. ಹಸಿರು ಅಥವಾ ಕಂದಾಗಿದ್ದರೆ ಮುಪ್ಪಾಗಿದೆ. ಉಪ್ಪು ಈ ಮುಪ್ಪನ್ನು ಬೇಗ ತರುತ್ತದೆ. ಗಾಳಿಯ ಸಾರಜನಕದ ಒಂದು ಅಣುವನ್ನು ಸ್ಥಿರೀಕರಿಸಲು, ಅಂದರೆ ಗಿಡ ಬಳಸುವ ರೂಪಕ್ಕೆ ತರಲು, ಕನಿಷ್ಠ 16 ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡುವ) ಅಣುಗಳು ವ್ಯಯವಾಗುತ್ತವೆ. ಅಷ್ಟು ಶಕ್ತಿ ಎಲೆ ತಯಾರಿಸಿದ ಸಕ್ಕರೆಯಿಂದಲೇ ಬರಬೇಕು. ಉಪ್ಪಿಗೆ ಎಲೆ ಸೊರಗಿದಾಗ ಗಂಟಿಗೆ ಸಕ್ಕರೆ ಇಳಿಯುವುದಿಲ್ಲ. ಜೊತೆಗೆ ಗಂಟಿನೊಳಕ್ಕೆ ಆಮ್ಲಜನಕ ನುಸುಳುವ ದಾರಿಯೂ ಬಿಗಿಯಾಗುತ್ತದೆ. ಉಸಿರೂ ಇಲ್ಲ, ಊಟವೂ ಇಲ್ಲ. ಹೊರಗೆ ದುಂಡಗೆ ಕಂಡರೂ ಕೆಲಸ ನಿಂತಿರಬಹುದು.

ಪ್ರಶ್ನೆ ಕೇಳಿದವರು:
ಈಗಷ್ಟೇ ಸೀಳಿ ನೋಡಿದೆ. ಹನ್ನೆರಡರಲ್ಲಿ ಮೂರು ಮಾತ್ರ ನಸುಗೆಂಪು, ಉಳಿದವು ಹಸಿರು. ಜಿಪ್ಸಂ ಹಾಕಿದರೆ ಸರಿಹೋದೀತೇ?

ಮೂರನೆಯ ಉತ್ತರ:
ಮಣ್ಣು ಪರೀಕ್ಷೆ ಮಾಡಿಸದೆ ಜಿಪ್ಸಂ ಬೇಡ. ಅದು ಸೋಡಿಯಂ ಹಿಡಿದು ಗಟ್ಟಿಯಾದ ಕ್ಷಾರ ಮಣ್ಣಿಗೆ ಮದ್ದು. ಬರಿಯ ಲವಣ ಹೆಚ್ಚಿದ್ದರೆ ಹೊಲದಲ್ಲಿ ಒಳ್ಳೆಯ ನೀರು ಕಟ್ಟಿ ನಿಲ್ಲಿಸಿ ಲವಣವನ್ನು ಕೆಳಕ್ಕೆ ಇಳಿಸಬೇಕು, ಬಸಿಗಾಲುವೆ ಇರಬೇಕು. ಬೆಳೆಯ ಆಯ್ಕೆಯನ್ನೂ ಮರುಯೋಚಿಸಿ. ಮಣ್ಣಿನ ಸಂತೃಪ್ತ ಸಾರದ (ನೀರು ತುಂಬಿಸಿದ ಮಣ್ಣಿನಿಂದ ಬಸಿದು ತೆಗೆದ ನೀರಿನ) ವಿದ್ಯುತ್ ವಾಹಕತೆ, ಅಂದರೆ ಉಪ್ಪಿನ ಅಳತೆ, ಮೀಟರಿಗೆ 1 ಡೆಸಿಸೀಮನ್ಸ್ ದಾಟಿದರೆ ಬೀನ್ಸ್ ಇಳುವರಿ ಕುಸಿಯತೊಡಗುತ್ತದೆ. ಸೋಯಾ, ಅಲಸಂದೆ ಸುಮಾರು 5ರವರೆಗೆ ತಡೆಯುತ್ತವೆ.

ಮೊದಲ ಉತ್ತರ ಕೊಟ್ಟವರು:
ಮೂರು ಗಂಟುಗಳಿಂದ ಗಿಡ ಸಾಕಲಾಗದು. ಈ ಬೆಳೆ ಉಳಿಸಲು ಸಾರಜನಕವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ. ನೈಟ್ರೇಟ್ ಹೆಚ್ಚಾದರೆ ಉಳಿದ ಗಂಟುಗಳೂ ಕೈಬಿಡುತ್ತವೆ. ಅದಕ್ಕೂ ಮೊದಲು ನೀರು ಮತ್ತು ಮಣ್ಣು ಎರಡನ್ನೂ ಪರೀಕ್ಷೆಗೆ ಕಳುಹಿಸಿ. ಅಂಕಿ ಬಂದ ಮೇಲೆ ಇಲ್ಲಿಯೇ ಬರೆಯಿರಿ, ಮುಂದಿನ ಬಿತ್ತನೆಯನ್ನು ಒಟ್ಟಿಗೆ ಯೋಚಿಸೋಣ.