ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾಲಿ ಇರೋರು ಎಲೆಕ್ಷನ್‌ಗೆ ವಾಲಂಟಿಯರ್ ಮಾಡಬಹುದಾ?

ಫ್ರೀಮಾಂಟ್ ಕನ್ನಡತಿ:
ನಮಸ್ಕಾರ ಎಲ್ರಿಗೂ. ನಾನು ಎಚ್-1ಬಿಲಿದೀನಿ, ಇಲ್ಲಿ ವೋಟ್ ಇಲ್ಲ. 2024ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕನಿಷ್ಠ ಕೂಲಿ ಗಂಟೆಗೆ 18 ಡಾಲರ್ ಮಾಡೋ ಪ್ರೊಪೊಸಿಷನ್ 32 (ಜನರೇ ನೇರವಾಗಿ ವೋಟ್ ಹಾಕಿ ತೀರ್ಮಾನಿಸೋ ಪ್ರಸ್ತಾಪ) ಸ್ವಲ್ಪದ್ರಲ್ಲೇ ಸೋತೋಯ್ತಲ್ಲ, ಆಗಿಂದ ಸುಮ್ನೆ ಕೂರಕ್ಕೆ ಮನಸ್ಸು ಬರ್ತಿಲ್ಲ. ಮುಂದೆ ಇಂಥದ್ದು ಬಂದಾಗ ಮನೆಮನೆ ಪ್ರಚಾರಕ್ಕೆ ಹೋಗಬಹುದಾ?

ಹಳೇ ವಾಲಂಟಿಯರ್:
ಹೋಗಬಹುದು ಮೇಡಂ, ಸಂಬಳ ಗಿಂಬಳ ತಗೊಳ್ದೆ ಕೆಲ್ಸ ಮಾಡಕ್ಕೆ ಫೆಡರಲ್ ಎಲೆಕ್ಷನ್ ಕಾನೂನಲ್ಲಿ ಅವಕಾಶ ಇದೆ, ಆದ್ರೆ ದುಡ್ಡು ಮಾತ್ರ ಒಂದು ಡಾಲರೂ ಕೊಡಬೇಡಿ, ಕ್ಯಾಂಡಿಡೇಟ್‌ಗೂ ಬೇಡ ಪ್ರೊಪೊಸಿಷನ್ ಥರದ ಬ್ಯಾಲೆಟ್ ಮೆಷರ್‌ಗೂ ಬೇಡ, ಸ್ವಂತ ಖರ್ಚಲ್ಲಿ ಪಾಂಪ್ಲೆಟ್ ಹೊಡ್ಸೋದೂ ಬೇಡ. ಗ್ರೀನ್ ಕಾರ್ಡ್ ಬಂದ್ಮೇಲೆ ದೇಣಿಗೆ ಕೊಡಬಹುದು, ವೋಟ್ ಸಿಟಿಜನ್ ಆದ್ಮೇಲೇ.

ಸ್ಯಾನ್ ಹೊಸೆ ಅಣ್ಣ:
ನಾನು ಪ್ರಾಪ್ 32ಗೆ ಬಾಗ್ಲು ತಟ್ಟಿದೀನಿ. ಇಬ್ರಿಬ್ರು ಜೋಡಿಯಾಗಿ ಹೋಗಿ, ಪಾಂಪ್ಲೆಟ್‌ನ ಬಾಗ್ಲಿಗೆ ಸಿಕ್ಸಿ, ಅಂಚೆ ಡಬ್ಬಿಗೆ ಮಾತ್ರ ಹಾಕಬೇಡಿ, ಸ್ಟ್ಯಾಂಪ್ ಇಲ್ದೆ ಹಾಕೋದು ಕಾನೂನಿಗೆ ವಿರುದ್ಧ. ಒಂದು ಮನೇಲಿ ಕನ್ನಡದ ಅಜ್ಜಿ ಬಾಗ್ಲು ತೆಗೆದ್ರು, ಸಿಟಿಜನ್ ಆಗಿ ಎಷ್ಟೋ ವರ್ಷ ಆಗಿದೆ ಆದ್ರೆ ಮನೆಗೆ ಅಂಚೇಲಿ ಬಂದಿದ್ದ ಬ್ಯಾಲೆಟ್ ಓದಿ ಅರ್ಥ ಆಗ್ದೆ ಹಂಗೇ ಇಟ್ಟಿದ್ರು. ಅರ್ಧ ಗಂಟೆ ಕೂತು ಒಂದೊಂದೇ ಪ್ರೊಪೊಸಿಷನ್ ಕನ್ನಡದಲ್ಲಿ ವಿವರಿಸಿ ಹೇಳ್ದೆ, ಗುರುತು ಅವರೇ ಹಾಕಿದ್ರು. ನಿಮ್ಮಂಥೋರು ಬೇಕಿರೋದು ಇದಕ್ಕೇ ತಂಗಿ.

ಫ್ರೀಮಾಂಟ್ ಕನ್ನಡತಿ:
ತುಂಬಾ ಥ್ಯಾಂಕ್ಸ್ ಅಣ್ಣ. ನಮ್ಮ ಅಪಾರ್ಟ್‌ಮೆಂಟಲ್ಲೇ ಇಂಥ ಮೂರು ಮನೆ ಇದಾವೆ, ಅಲ್ಲಿಂದ್ಲೇ ಶುರು ಮಾಡ್ತೀನಿ.