ಓಪನ್‌ಎಲ್‌ಡ್ಯಾಪ್: ಮೇಲಿನಿಂದ ಹುಡುಕಿದರೆ ಗೋವಾದವರು ಸಿಗುತ್ತಿಲ್ಲ

ಕೋಥ್ರೂಡ್_ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಒಂದು ಸಣ್ಣ ಆಫೀಸಿನ ಓಪನ್‌ಎಲ್‌ಡ್ಯಾಪ್ ಸರ್ವರ್ (ಸಿಬ್ಬಂದಿಯ ಹೆಸರು, ಪಾಸ್‌ವರ್ಡ್ ಇಡುವ ಡೈರೆಕ್ಟರಿ) ನೋಡಿಕೊಳ್ಳುತ್ತೇನೆ. ಪಣಜಿಯಲ್ಲಿ ಹೊಸ ಶಾಖೆ ಶುರುವಾಯಿತು, ಅವರ ಎಂಟ್ರಿಗಳನ್ನು ಬೇರೆ ಡೇಟಾಬೇಸ್‌ನಲ್ಲಿ ಇಟ್ಟೆ. ಎರಡೂ ಎಂಡಿಬಿ ಬಗೆಯವು, ಅವನ್ನು ನಡೆಸುವ ಸರ್ವರ್ ಪ್ರೋಗ್ರಾಂ ಸ್ಲ್ಯಾಪ್‌ಡಿ ಒಂದೇ. ಗೋವಾ ಶಾಖೆಯನ್ನೇ ಬೇಸ್ (ಹುಡುಕಾಟ ಶುರುವಾಗುವ ಜಾಗ) ಆಗಿ ಕೊಟ್ಟರೆ 38 ಜನ ಬರುತ್ತಾರೆ. ಮೇಲಿನ ಸಫಿಕ್ಸ್ (ಇಡೀ ಡೈರೆಕ್ಟರಿ ಮರದ ಬುಡದ ಹೆಸರು) ಕೊಟ್ಟರೆ ಪುಣೆಯ 140 ಜನ ಮಾತ್ರ. ಎರರ್ ಇಲ್ಲ, ಲಾಗ್‌ನಲ್ಲೂ 'ಎರರ್=0'. ರಜೆ ಹಾಕುವ ಆ್ಯಪ್ ಮೇಲಿನಿಂದಲೇ ಹುಡುಕುತ್ತದೆ, ಹಾಗಾಗಿ ಗೋವಾದವರು ಯಾರೂ ಲಾಗಿನ್ ಆಗುತ್ತಿಲ್ಲ, ಚೌತಿಗೆ ಊರಿಗೆ ಹೊರಟವರು ಬೆಳಗ್ಗೆಯಿಂದ ಫೋನ್ ಮಾಡ್ತಾನೇ ಇದ್ದಾರೆ, ಪಾಪ. ಎಸಿಎಲ್ (ಯಾರಿಗೆ ಏನು ಕಾಣಬೇಕು ಅನ್ನುವ ನಿಯಮಗಳು) ಎರಡು ಸಲ ನೋಡಿದೆ.

ಮಾಟುಂಗಾದವನು:
ಎಸಿಎಲ್ ಬಿಡಿ, ಅದಲ್ಲ. ಕಾನ್ಫಿಗ್ ಫೈಲಿನಲ್ಲಿ ಗೋವಾ ಡೇಟಾಬೇಸ್‌ಗೆ 'ಸಬಾರ್ಡಿನೇಟ್' (ಇದನ್ನು ಮೇಲಿನ ಡೇಟಾಬೇಸ್‌ಗೆ ಅಂಟಿಸು ಅನ್ನುವ ಸಾಲು) ಹಾಕಿಲ್ಲ ಅನ್ಸುತ್ತೆ. ಅದಿಲ್ಲದಿದ್ದರೆ ಸ್ಲ್ಯಾಪ್‌ಡಿಗೆ ಅವೆರಡೂ ಬೇರೆ ಬೇರೆ ಮನೆ, ಒಂದರಲ್ಲಿ ಹುಡುಕುವಾಗ ಇನ್ನೊಂದರ ಬಾಗಿಲು ತಟ್ಟುವುದಿಲ್ಲ. ಫೈಲಿನಲ್ಲಿ ಗೋವಾ ಮೇಲೆ, ಪುಣೆ ಕೆಳಗೆ ಇರಬೇಕು. ನಿಮ್ಮದು ಹಾಗೇ ಇದೆ, ಇಲ್ಲದಿದ್ದರೆ 'ಆಲ್ರೆಡಿ ಸರ್ವ್ಡ್ ಬೈ ಎ ಪ್ರಿಸೀಡಿಂಗ್' (ಮೊದಲು ಬಂದ ಡೇಟಾಬೇಸೇ ಇದನ್ನು ನೋಡಿಕೊಳ್ಳುತ್ತಿದೆ) ಅಂತ ಹೇಳಿ ಸರ್ವರ್ ಏಳುತ್ತಲೇ ಇರಲಿಲ್ಲ. ರೂಟ್‌ಡಿಎನ್ (ಪೂರ್ಣ ಅಧಿಕಾರವಿರುವ ಅಡ್ಮಿನ್ ಹೆಸರು) ಎರಡಕ್ಕೂ ಒಂದೇ ಇರಲಿ. ಇಂಡೆಕ್ಸ್‌ಗಳೂ ಅಷ್ಟೇ.

ಇನ್ನೊಂದು, ಬ್ಯಾಕಪ್ ನೋಡಿಕೊಳ್ಳಿ. ಮೇಲಿನ ಸಫಿಕ್ಸ್ ಕೊಟ್ಟು ಸ್ಲ್ಯಾಪ್‌ಕ್ಯಾಟ್ (ಡೇಟಾಬೇಸನ್ನು ಫೈಲಿಗೆ ಇಳಿಸುವ ಕಮಾಂಡ್) ಮಾಡುತ್ತಿದ್ದರೆ ಇಷ್ಟು ದಿನ ಗೋವಾ ಅದರಲ್ಲಿ ಬಂದೇ ಇಲ್ಲ. ಅಂಟಿಸಿದ ಮೇಲೆ ಎರಡೂ ಬರುತ್ತವೆ, ಒಂದೇ ಸಾಕು ಅಂದರೆ '-ಜಿ' ಕೊಡಿ.

ಕೋಥ್ರೂಡ್_ಕನ್ನಡಿಗ:
178 ಬಂತು ಸರ್! ಲಾಗಿನ್ ಆಗ್ತಿದೆ. ಬ್ಯಾಕಪ್ ಫೈಲ್ ತೆಗೆದು ನೋಡಿದೆ, ಗೋವಾದ ಒಂದು ಸಾಲೂ ಇಲ್ಲ, ಎದೆ ಧಸಕ್ ಅಂತು. ಆದರೆ ಪಣಜಿಯಲ್ಲಿರುವ ರೆಪ್ಲಿಕಾಗೆ (ನಕಲು ಸರ್ವರ್‌ಗೆ) ಈಗಲೂ 140 ಮಾತ್ರ ಹೋಗಿದೆ.

ಮಡಗಾಂವ್_ಅಕ್ಕ:
ನನಗೂ ಇದೇ ಆಗಿತ್ತು, ಎರಡು ರಾತ್ರಿ ಕೂತಿದ್ದೆ. ಸಬಾರ್ಡಿನೇಟ್ ಹಾಕಿದಾಗ ಡೇಟಾಬೇಸ್‌ಗಳನ್ನು ಅಂಟಿಸುವ ಗ್ಲೂ ಓವರ್‌ಲೇ (ಡೇಟಾಬೇಸ್ ಮೇಲೆ ಕೂರುವ ಹೆಚ್ಚುವರಿ ಪದರ) ತಾನಾಗಿಯೇ ಎಲ್ಲಕ್ಕಿಂತ ಕೊನೆಗೆ ಸೇರಿಕೊಳ್ಳುತ್ತದೆ. ರೆಪ್ಲಿಕಾಗೆ ಡೇಟಾ ಕೊಡುವ ಸಿಂಕ್‌ಪ್ರೊವ್ ಅದರ ನಂತರ ಬರಬೇಕು, ಆಗಲೇ ಅದಕ್ಕೆ ಎರಡೂ ಡೇಟಾಬೇಸ್ ಕಾಣುವುದು. ಪುಣೆ ಡೇಟಾಬೇಸ್ ಕೆಳಗೆ ಮೊದಲು 'ಓವರ್‌ಲೇ ಗ್ಲೂ', ಅದರ ಕೆಳಗಿನ ಸಾಲಿನಲ್ಲಿ 'ಓವರ್‌ಲೇ ಸಿಂಕ್‌ಪ್ರೊವ್' ಅಂತ ನೀವೇ ಬರೆಯಿರಿ. ರೆಪ್ಲಿಕಾದಲ್ಲೂ ಡೇಟಾಬೇಸ್ ಖಾಲಿ ಮಾಡಿ ಮೊದಲಿಂದ ತುಂಬಿಸಿ, ಹಳೆಯ ಎಂಟ್ರಿಗಳು ತಾವಾಗಿ ಹೋಗುತ್ತವೆ ಅಂತ ಕಾಯಬೇಡಿ.

ಪುಣೆಯಿಂದ ಯಾರಾದರೂ ಗೋವಾಗೆ ವರ್ಗವಾದರೆ ಎಂಟ್ರಿಯನ್ನು ಮಾಡ್‌ಡಿಎನ್‌ನಿಂದ (ಎಂಟ್ರಿಯ ಹೆಸರು, ಜಾಗ ಬದಲಿಸುವ ಆದೇಶ) ಸಾಗಿಸಲು ಆಗುವುದಿಲ್ಲ. ಪಾಸ್‌ವರ್ಡ್ ಹ್ಯಾಶ್ ಸಮೇತ ನಕಲು ತೆಗೆದುಕೊಂಡು, ಇಲ್ಲಿ ಅಳಿಸಿ ಅಲ್ಲಿ ಸೇರಿಸಬೇಕು. ಹಾಗೆ ಸೇರಿಸಿದಾಗ ಎಂಟ್ರಿಯುಯುಐಡಿ (ಪ್ರತಿ ಎಂಟ್ರಿಗೂ ಸರ್ವರ್ ಕೊಡುವ ಗುರುತಿನ ಸಂಖ್ಯೆ) ಹೊಸದಾಗುತ್ತದೆ. ಆ್ಯಪ್ ಅದನ್ನೇ ನಂಬಿಕೊಂಡಿದ್ದರೆ ಆ ಮನುಷ್ಯನ ಹಳೆಯ ರಜೆ ಲೆಕ್ಕ ಕೈತಪ್ಪುತ್ತದೆ, ಮೊದಲೇ ಕೇಳಿಟ್ಟುಕೊಳ್ಳಿ.

ಕೋಥ್ರೂಡ್_ಕನ್ನಡಿಗ:
ಅಕ್ಕಾ, ಸಾಲು ಬದಲಿಸಿ ರೆಪ್ಲಿಕಾ ಮೊದಲಿಂದ ತುಂಬಿಸಿದೆ. ಪಣಜಿಯಲ್ಲೂ 178. ಮುಂದಿನ ತಿಂಗಳು ಇಬ್ಬರ ವರ್ಗಾವಣೆ ಇದೆ, ಆ್ಯಪ್‌ನವರಿಗೆ ಯುಯುಐಡಿ ವಿಷಯ ಈಗಲೇ ಮೇಲ್ ಹಾಕುತ್ತಿದ್ದೇನೆ.