ಟ್ಯಾಂಪಾದಲ್ಲಿ ಹರಿಕೇನ್ ಎಚ್ಚರಿಕೆ ಬಂದರೆ ವಯಸ್ಸಾದ ತಂದೆತಾಯಿಯೊಂದಿಗೆ ಎಲ್ಲಿಗೆ, ಯಾವಾಗ ಹೊರಡಬೇಕು?

ದಕ್ಷಿಣ ಟ್ಯಾಂಪಾ ನಿವಾಸಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಉದ್ಯೋಗದ ನಿಮಿತ್ತ ಚಿಕಾಗೊದಿಂದ ಫ್ಲಾರಿಡಾದ ಟ್ಯಾಂಪಾ ನಗರಕ್ಕೆ ಇತ್ತೀಚೆಗೆ ಬಂದಿದ್ದೇವೆ. ನಗರದ ದಕ್ಷಿಣ ಭಾಗದಲ್ಲಿ, ಕೊಲ್ಲಿಯ ದಂಡೆಗೆ ಹತ್ತಿರದಲ್ಲೇ, ಅಪಾರ್ಟ್‌ಮೆಂಟೊಂದರ ಮೂರನೆಯ ಅಂತಸ್ತಿನಲ್ಲಿ ಬಾಡಿಗೆಗಿದ್ದೇವೆ. ಹಿಲ್ಸ್‌ಬರೋ ಕೌಂಟಿಯ ನಕ್ಷೆಯಲ್ಲಿ ನಮ್ಮ ವಿಳಾಸ ತೆರವು ವಲಯ ‘ಬಿ’ಯಲ್ಲಿದೆ ಎಂದು ತೋರಿಸುತ್ತದೆ (ಕಡಲು ಏರುವ ಅಪಾಯ ಹೆಚ್ಚಿರುವ ಕ್ರಮದಲ್ಲಿ ಇಲ್ಲಿನ ವಲಯಗಳಿಗೆ ಎ, ಬಿ ಎಂದು ಅಕ್ಷರ ಕೊಟ್ಟಿರುತ್ತಾರೆ). ಮೈಸೂರಿನಿಂದ ನನ್ನ ತಂದೆತಾಯಿ ಆಗಸ್ಟ್‌ನಲ್ಲಿ ಬಂದು ಡಿಸೆಂಬರ್‌ವರೆಗೆ ನಮ್ಮೊಂದಿಗಿರುತ್ತಾರೆ. ಹರಿಕೇನ್‌ಗಳು ಹೆಚ್ಚಾಗಿ ಬರುವ ಕಾಲವೂ ಅದೇ. ತಾಯಿಯವರು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ತಂದೆಯವರಿಗೆ ಮಂಡಿನೋವಿರುವುದರಿಂದ ಮೆಟ್ಟಿಲು ಹತ್ತಿಳಿಯುವುದು ಕಷ್ಟ.

ಕಚೇರಿಯಲ್ಲಿ ವಿಚಾರಿಸಿದರೆ ಒಬ್ಬೊಬ್ಬರು ಒಂದೊಂದು ಮಾತು ಹೇಳುತ್ತಾರೆ. 1921ರ ನಂತರ ದೊಡ್ಡ ಹರಿಕೇನ್ ಯಾವುದೂ ಟ್ಯಾಂಪಾ ಕೊಲ್ಲಿಗೆ ನೇರವಾಗಿ ಅಪ್ಪಳಿಸಿಲ್ಲ, ಇಲ್ಲಿನ ಮೂಲನಿವಾಸಿಗಳಾದ ಟೊಕೊಬಾಗಾ ಜನರ ದಿಬ್ಬಗಳು ಊರನ್ನು ಕಾಯುತ್ತವೆ ಎಂದು ಒಬ್ಬರು ನಗುತ್ತ ಹೇಳಿದರು. 2024ರ ಅಕ್ಟೋಬರ್‌ನಲ್ಲಿ ಮಿಲ್ಟನ್ ಎಂಬ ಹರಿಕೇನ್ ಬಂದಾಗ ಜನರೆಲ್ಲ ಊರು ಬಿಟ್ಟು ಓಡಿದರೂ ಕೊಲ್ಲಿಯ ನೀರು ಏರುವ ಬದಲು ಇಳಿಯಿತು, ಆದ್ದರಿಂದ ಇದ್ದಲ್ಲೇ ಇರುವುದು ಮೇಲು ಎನ್ನುವುದು ಇನ್ನೊಬ್ಬರ ವಾದ. ಮೂರನೆಯ ಅಂತಸ್ತಿಗೆ ನೀರು ಬರುವುದಿಲ್ಲವಲ್ಲ ಎಂದು ನನಗೂ ಅನಿಸುತ್ತದೆ. ಹೊರಡಲೇಬೇಕಾದರೆ ಅಟ್ಲಾಂಟಾಕ್ಕೆ ಹೋಗಬೇಕೆ, ಒರ್ಲಾಂಡೊ ಸಾಕೆ, ಮತ್ತು ಎಷ್ಟು ಮೊದಲೇ ಹೊರಡಬೇಕು? ಅನುಭವವಿರುವವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಪಿನೆಲಸ್ ಹಳಬ:

ನಮಸ್ಕಾರ. ಕೊಲ್ಲಿಯ ಆಚೆ ದಡದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಬಹುಕಾಲದಿಂದ ಇರುವವನಾಗಿ ಬರೆಯುತ್ತಿದ್ದೇನೆ. ಮಿಲ್ಟನ್ ಬಂದಾಗ ಕೊಲ್ಲಿಯ ನೀರು ಇಳಿದದ್ದು ನಿಜ, ಆದರೆ ಅದರಿಂದ ನಿಮ್ಮ ಸಹೋದ್ಯೋಗಿಗಳು ತೆಗೆದಿರುವ ತೀರ್ಮಾನ ಅಪಾಯಕಾರಿ. ಭೂಮಿಯ ಉತ್ತರಾರ್ಧದಲ್ಲಿ ಹರಿಕೇನ್ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಮಿಲ್ಟನ್‌ನ ಕಣ್ಣು, ಅಂದರೆ ಸುತ್ತುವ ಗಾಳಿಯ ನಡುವಿನ ಕೇಂದ್ರ, ಅಕ್ಟೋಬರ್ 9ರ ರಾತ್ರಿ ನಮಗೆ ದಕ್ಷಿಣದಲ್ಲಿ, ಸರಸೋಟಾ ಬಳಿಯ ಸಿಯೆಸ್ಟಾ ಕೀ ಎಂಬಲ್ಲಿ ನೆಲ ಮುಟ್ಟಿತು. ಕಣ್ಣಿನ ಉತ್ತರಕ್ಕಿದ್ದ ನಮ್ಮ ಮೇಲೆ ಗಾಳಿ ನೆಲದ ಕಡೆಯಿಂದ ಕಡಲಿನತ್ತ ಬೀಸಿ ನೀರನ್ನು ಹೊರಗೆ ತಳ್ಳಿತು. ಕಣ್ಣಿನ ದಕ್ಷಿಣಕ್ಕಿದ್ದ ವೆನಿಸ್, ಮನಸೋಟಾ ಕೀ ಕಡೆಯವರ ಮೇಲೆ ಅದೇ ಗಾಳಿ ಕಡಲನ್ನು ಏರಿಸಿತು. ಆ ಕಣ್ಣು ಕೇವಲ ಹತ್ತಾರು ಮೈಲಿ ಉತ್ತರಕ್ಕೆ, ಕೊಲ್ಲಿಯ ಬಾಯಿಗಿಂತ ತುಸು ಮೇಲೆ ಬಂದಿದ್ದರೆ ಕಡಲು ನೇರವಾಗಿ ನಮ್ಮೊಳಗೆ ನುಗ್ಗುತ್ತಿತ್ತು. ಅಷ್ಟು ಸಣ್ಣ ವ್ಯತ್ಯಾಸವನ್ನು ಎರಡು ಮೂರು ದಿನ ಮೊದಲೇ ನಿಖರವಾಗಿ ಹೇಳಬಲ್ಲ ವಿದ್ಯೆ ಇನ್ನೂ ಯಾರ ಬಳಿಯೂ ಇಲ್ಲ.

2022ರ ಇಯಾನ್ ಇದರ ತದ್ವಿರುದ್ಧ ಉದಾಹರಣೆ. ಮೊದಮೊದಲು ಮುನ್ಸೂಚನೆಯ ನಡುಗೆರೆ ಟ್ಯಾಂಪಾದತ್ತ ಇತ್ತು. ಕೊನೆಗೆ ಚಂಡಮಾರುತ ಬಲಕ್ಕೆ ಹೊರಳಿ ಸೆಪ್ಟೆಂಬರ್ 28ರಂದು ಫೋರ್ಟ್ ಮಯರ್ಸ್ ಸಮೀಪದ ಕಾಯೊ ಕೋಸ್ಟಾ ದ್ವೀಪದಲ್ಲಿ ನೆಲ ಮುಟ್ಟಿತು, ಮತ್ತು ಫೋರ್ಟ್ ಮಯರ್ಸ್ ಬೀಚ್‌ನಲ್ಲಿ 10ರಿಂದ 15 ಅಡಿಯಷ್ಟು ಕಡಲು ಏರಿತು. ಅಲ್ಲಿನ ಲೀ ಕೌಂಟಿಯ ತೆರವಿನ ಆಜ್ಞೆ ಹೊರಬಿದ್ದದ್ದು ಹಿಂದಿನ ದಿನ ಬೆಳಿಗ್ಗೆ. ಟಿವಿಯಲ್ಲಿ ತೋರಿಸುವ ಬಿಳಿಯ ಶಂಕು ಚಂಡಮಾರುತದ ಕೇಂದ್ರ ಎಲ್ಲಿ ಹಾಯಬಹುದು ಎಂಬುದನ್ನು ಮಾತ್ರ ಸೂಚಿಸುತ್ತದೆ, ಅದೂ ಸುಮಾರು ಮೂರರಲ್ಲಿ ಎರಡು ಸಲ. ಮೂರನೆಯ ಸಲ ಕೇಂದ್ರವೇ ಶಂಕುವಿನ ಹೊರಗಿರುತ್ತದೆ. ಮಳೆ, ಗಾಳಿ, ಚಂಡಮಾರುತ ತಳ್ಳಿ ತರುವ ಕಡಲ ಉಬ್ಬರಗಳಂತೂ ಯಾವಾಗಲೂ ಅದರ ಹೊರಗೂ ಹಬ್ಬಿರುತ್ತವೆ.

ಇನ್ನು 1921ರ ಮಾತು. ಮಿಲ್ಟನ್‌ಗೆ ಎರಡು ವಾರ ಮೊದಲು ಬಂದ ಹೆಲೀನ್ ಟ್ಯಾಂಪಾಕ್ಕೆ ‘ನೇರವಾಗಿ’ ಬರಲೇ ಇಲ್ಲ. ಅದರ ಕಣ್ಣು ನಮ್ಮಿಂದ ನೂರಕ್ಕೂ ಹೆಚ್ಚು ಮೈಲಿ ದೂರದ ಕಡಲಲ್ಲೇ ಹಾದು ಉತ್ತರದ ಬಿಗ್ ಬೆಂಡ್ ಕರಾವಳಿಗೆ ಹೋಯಿತು. ಆದರೂ ಕೊಲ್ಲಿಯ ಸುತ್ತಲಿನ ತಗ್ಗು ಬಡಾವಣೆಗಳಲ್ಲಿ ಐದರಿಂದ ಎಂಟು ಅಡಿ ನೀರು ಏರಿ, ಜನ ತಮ್ಮ ಮನೆಯೊಳಗೇ ಮುಳುಗಿ ಸತ್ತರು. ದಿಬ್ಬಗಳ ಕಥೆ ಹೇಳುವವರು ಈ ಸಂಗತಿಯನ್ನು ಏಕೋ ಬಿಟ್ಟುಬಿಡುತ್ತಾರೆ.

ನಿಮ್ಮ ಮೂರನೆಯ ಅಂತಸ್ತಿನ ಪ್ರಶ್ನೆಗೆ ಬರುತ್ತೇನೆ. ಮನೆಯೊಳಗೆ ನೀರು ಬರಲಿಕ್ಕಿಲ್ಲ. ಆದರೆ ಗಾಳಿ ಏರುವ ಮೊದಲೇ ಲಿಫ್ಟನ್ನು ಮೇಲಿನ ಅಂತಸ್ತಿಗೆ ಒಯ್ದು ನಿಲ್ಲಿಸಿಬಿಡುತ್ತಾರೆ, ಕೆಳಗಿನ ವಿದ್ಯುತ್ ಉಪಕರಣಗಳು ಉಪ್ಪುನೀರಿನಲ್ಲಿ ನೆನೆದರೆ ದುರಸ್ತಿಗೆ ವಾರಗಳೇ ಹಿಡಿಯಬಹುದು, ಕೊಳಚೆನೀರಿನ ಪಂಪುಗಳು ನಿಂತರೆ ಶೌಚಾಲಯವನ್ನೂ ಬಳಸಲಾಗದು. ಮಿಲ್ಟನ್‌ನಿಂದ ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ವಿದ್ಯುತ್ ಹೋಯಿತು. ನಮ್ಮ ಊರಿನಲ್ಲಿ 18 ಇಂಚಿಗೂ ಹೆಚ್ಚು ಮಳೆ ಸುರಿದು, ಮುಖ್ಯ ಕೊಳವೆ ಒಡೆದು ಕುಡಿಯುವ ನೀರೂ ನಿಂತಿತ್ತು. ಗಾಳಿಯ ವೇಗ ಒಂದು ಮಿತಿ ದಾಟಿದ ಮೇಲೆ ಆಂಬ್ಯುಲೆನ್ಸ್ ಹೊರಡುವುದಿಲ್ಲ. ಇನ್ಸುಲಿನ್ ಬೇಕಾದ ತಾಯಿಯವರನ್ನೂ ಮೆಟ್ಟಿಲಿಳಿಯಲಾಗದ ತಂದೆಯವರನ್ನೂ ಆ ಸ್ಥಿತಿಯಲ್ಲಿ ಮೇಲೆ ಇಟ್ಟುಕೊಳ್ಳುವುದು ಸರಿಯಲ್ಲ. ‘ಬಿ’ ವಲಯಕ್ಕೆ ಆಜ್ಞೆ ಬಂದರೆ ಹೊರಡಿ.

ಹ್ಯೂಸ್ಟನ್ ವಾಸಿ:

ಹೊರಡಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ, ಆದರೆ ಅಟ್ಲಾಂಟಾ ಎಂಬ ಹೆಸರು ಓದಿದಾಗ ಗಾಬರಿಯಾಯಿತು. 2005ರ ಸೆಪ್ಟೆಂಬರ್‌ನಲ್ಲಿ, ಕತ್ರಿನಾ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿ ಇನ್ನೂ ತಿಂಗಳು ತುಂಬಿರಲಿಲ್ಲ, ಅಷ್ಟರಲ್ಲಿ ರೀಟಾ ಎಂಬ ಹರಿಕೇನ್ ನಮ್ಮತ್ತ ಬರುತ್ತಿದೆ ಎಂಬ ಸುದ್ದಿ ಬಂತು. ತಗ್ಗು ಪ್ರದೇಶದವರು ಮಾತ್ರವಲ್ಲ, ಉಬ್ಬರದ ನೀರು ಎಂದೂ ತಲುಪದ ಬಡಾವಣೆಗಳವರೂ ಕಾರು ಹತ್ತಿದರು. 25 ಲಕ್ಷಕ್ಕೂ ಹೆಚ್ಚು ಜನ ಹೊರಟರೆಂದು ಅಂದಾಜು. ಸುಮಾರು 240 ಮೈಲಿ ದೂರದ ಡಲ್ಲಾಸ್ ಸೇರಲು ಅನೇಕರಿಗೆ ಒಂದು ಹಗಲು ಒಂದು ರಾತ್ರಿ ಹಿಡಿಯಿತು. ಸುಡುಬಿಸಿಲಿನಲ್ಲಿ ಪೆಟ್ರೋಲ್ ಉಳಿಸಲು ಏಸಿ ಆರಿಸಿಕೊಂಡು ಕುಳಿತ ವೃದ್ಧರು ಕಾರಿನಲ್ಲೇ ಅಸ್ವಸ್ಥರಾದರು. ವೃದ್ಧಾಶ್ರಮದವರನ್ನು ಕರೆದೊಯ್ಯುತ್ತಿದ್ದ ಬಸ್ಸೊಂದು ಡಲ್ಲಾಸ್ ಸಮೀಪದ ವಿಲ್ಮರ್ ಬಳಿ ಹೊತ್ತಿಕೊಂಡು, ಒಳಗಿದ್ದ ಆಮ್ಲಜನಕದ ಸಿಲಿಂಡರುಗಳು ಸಿಡಿದು 23 ಜನ ತೀರಿಕೊಂಡರು. ತೆರವಿನ ಪ್ರಯಾಣಕ್ಕೆ ಸಂಬಂಧಿಸಿದ ಸಾವುಗಳೇ ನೂರನ್ನು ದಾಟಿದವು. ರೀಟಾ ಕೊನೆಗೆ ಪೂರ್ವಕ್ಕೆ ಸರಿದು ಲೂಸಿಯಾನಾ ಗಡಿಯಲ್ಲಿ ನೆಲ ಮುಟ್ಟಿತು.

2008ರಲ್ಲಿ ಐಕ್ ಬಂದಾಗ ಅಧಿಕಾರಿಗಳು ಪಿನ್‌ಕೋಡ್ ಪ್ರಕಾರ ಉಬ್ಬರದ ಪ್ರದೇಶದವರಿಗೆ ಮಾತ್ರ ಹೊರಡಲು ಹೇಳಿ, ಉಳಿದವರು ಮನೆಯಲ್ಲೇ ಗಟ್ಟಿಯಾಗಿ ಕೂರಿ ಎಂದರು. ಇದೇ ಸರಿಯಾದ ಕ್ರಮ ಎಂದು ನನ್ನ ಅಭಿಪ್ರಾಯ. ಐಕ್ ಗಾಳಿಯ ಲೆಕ್ಕದಲ್ಲಿ ಐದು ದರ್ಜೆಗಳಲ್ಲಿ ಎರಡನೆಯದಷ್ಟೇ ಆಗಿದ್ದರೂ ಗ್ಯಾಲ್ವೆಸ್ಟನ್ ಪಕ್ಕದ ಬೊಲಿವರ್ ಎಂಬ ಕಿರಿದಾದ ಭೂನಾಲಗೆಯ ಮೇಲೆ 15ರಿಂದ 20 ಅಡಿ ಕಡಲು ಏರಿ ಊರುಗಳೇ ಅಳಿಸಿಹೋದವು. ಆದ್ದರಿಂದ ‘ಇದು ಎರಡೇ ದರ್ಜೆಯದು’ ಎಂಬ ಮಾತನ್ನು ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ. ಆ ದರ್ಜೆ ಗಾಳಿಯ ವೇಗವನ್ನು ಹೇಳುತ್ತದೆಯೇ ಹೊರತು ನೀರಿನ ಸುದ್ದಿಯನ್ನೇ ಎತ್ತುವುದಿಲ್ಲ.

ಕಟ್ಟಡಗಳ ಮನುಷ್ಯ, ಒರ್ಲಾಂಡೊ:

ಮೇಲಿನ ಎರಡೂ ಉತ್ತರಗಳಿಗೆ ಪೂರಕವಾಗಿ ಒಂದು ಮಾತು. ಫ್ಲಾರಿಡಾದ ವಿಪತ್ತು ನಿರ್ವಹಣೆಯವರು ‘ನೀರು ಬಂದರೆ ಓಡಿ, ಗಾಳಿ ಬಂದರೆ ಅವಿತುಕೊಳ್ಳಿ’ ಎನ್ನುತ್ತಾರೆ. ನೀವು ತಪ್ಪಿಸಿಕೊಳ್ಳಬೇಕಾದದ್ದು ಕಡಲ ನೀರಿನಿಂದ. ಅದಕ್ಕೆ ನೂರಾರು ಮೈಲಿ ಬೇಕಿಲ್ಲ. ನಿಮ್ಮದೇ ಕೌಂಟಿಯ ಈಶಾನ್ಯಕ್ಕೆ, ತೆರವು ವಲಯದ ಅಕ್ಷರವೇ ಇಲ್ಲದ ಎತ್ತರದ ಜಾಗದಲ್ಲಿ ಗಟ್ಟಿಯಾದ ಮನೆಯಿರುವ ಸ್ನೇಹಿತರಿದ್ದರೆ ಸಾಕು. ನ್ಯೂ ಟ್ಯಾಂಪಾ ಕಡೆ ಕನ್ನಡದ ಮನೆಗಳು ಕಡಿಮೆಯಿಲ್ಲ; ಈಗಲೇ ಯಾರನ್ನಾದರೂ ಕೇಳಿ ಒಪ್ಪಿಸಿಟ್ಟುಕೊಳ್ಳಿ. ಎಚ್ಚರಿಕೆ ಬಂದ ಮೇಲೆ ಕೇಳಿದರೆ ಅವರ ಮನೆಯಲ್ಲಿ ಆಗಲೇ ಮೂರು ಸಂಸಾರಗಳಿರುತ್ತವೆ.

ಮನೆ ಆರಿಸುವಾಗ ಕಟ್ಟಿದ ವರ್ಷ ಕೇಳಿ. 1992ರ ಆಂಡ್ರ್ಯೂ ದಕ್ಷಿಣ ಫ್ಲಾರಿಡಾವನ್ನು ನೆಲಸಮ ಮಾಡಿದ ಮೇಲೆ ರೂಪುಗೊಂಡ ರಾಜ್ಯದ ಕಟ್ಟಡ ಸಂಹಿತೆ 2002ರಲ್ಲಿ ಜಾರಿಗೆ ಬಂತು. ಅದರ ನಂತರದ ಮನೆಗಳಲ್ಲಿ ಚಾವಣಿಯನ್ನು ಗೋಡೆಗೆ ಲೋಹದ ಪಟ್ಟಿಗಳಿಂದ ಬಿಗಿದಿರುತ್ತಾರೆ. ಹಳೆಯ ಮನೆಗಳಲ್ಲಿ ಹೆಚ್ಚಾಗಿ ಮೊದಲು ಸೋಲುವುದು ಗ್ಯಾರೇಜಿನ ಅಗಲವಾದ ಬಾಗಿಲು. ಅದು ಒಳಕ್ಕೆ ಕುಸಿದರೆ ನುಗ್ಗಿದ ಗಾಳಿ ಚಾವಣಿಯನ್ನು ಕೆಳಗಿನಿಂದ ಎತ್ತುತ್ತದೆ. ಕಿಟಕಿ ಗಾಜಿಗೆ ಟೇಪಿನ ಗುಣಿಸು ಚಿಹ್ನೆ ಅಂಟಿಸುವುದರಿಂದ ಏನೇನೂ ಪ್ರಯೋಜನವಿಲ್ಲ, ಅಂಗಡಿಯಲ್ಲಿ ಟೇಪು ಖಾಲಿಯಾಗುತ್ತದೆ ಅಷ್ಟೇ. ಮೊಬೈಲ್ ಹೋಮ್‌ನಲ್ಲಿ (ಕಾರ್ಖಾನೆಯಲ್ಲಿ ತಯಾರಿಸಿ ತಂದು ಕೂರಿಸುವ ಹಗುರವಾದ ಮನೆ) ಮಾತ್ರ, ಅದು ಎಷ್ಟು ಒಳನಾಡಿನಲ್ಲಿದ್ದರೂ, ಆಶ್ರಯ ಪಡೆಯಬೇಡಿ. ಮಿಲ್ಟನ್ ನೆಲ ಮುಟ್ಟುವ ಮೊದಲೇ ಅದರ ಹೊರಸುತ್ತಿನ ಮಳೆಮೋಡದ ಪಟ್ಟಿಗಳಿಂದ ಹುಟ್ಟಿದ ಸುಂಟರಗಾಳಿಯೊಂದು ರಾಜ್ಯದ ಇನ್ನೊಂದು ಕರಾವಳಿಯ ಸೇಂಟ್ ಲೂಸಿ ಕೌಂಟಿಯಲ್ಲಿ, ಅಂಥ ಮನೆಗಳ ನಿವೃತ್ತರ ಬಡಾವಣೆಯಲ್ಲಿ, ಆರು ಜನರನ್ನು ಬಲಿ ತೆಗೆದುಕೊಂಡಿತು.

ದಕ್ಷಿಣ ಟ್ಯಾಂಪಾ ನಿವಾಸಿ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನ್ಯೂ ಟ್ಯಾಂಪಾದಲ್ಲಿ ಪರಿಚಯದವರೊಬ್ಬರಿದ್ದಾರೆ, ಈ ವಾರವೇ ಕೇಳುತ್ತೇನೆ. ಅದು ಆಗದಿದ್ದರೆ ಕೌಂಟಿಯ ಆಶ್ರಯತಾಣಗಳು ವಯಸ್ಸಾದವರಿಗೆ ಹೊಂದುತ್ತವೆಯೇ? ಹಾಗೆಯೇ, ಆಜ್ಞೆ ಬಂದ ಮೇಲೆ ಎಷ್ಟು ಹೊತ್ತು ಕಾಯಬಹುದು?

ಪಿನೆಲಸ್ ಹಳಬ:

ಕಾಯಬೇಡಿ. ಆಜ್ಞೆ ಬಂದ ದಿನವೇ, ಸಾಧ್ಯವಾದರೆ ಬೆಳಗಿನ ಜಾವ ಹೊರಟುಬಿಡಿ. ಅಕ್ಟೋಬರ್ ಆರಂಭದಲ್ಲಿ ಸಾಮಾನ್ಯ ಸುಳಿಯಂತಿದ್ದ ಮಿಲ್ಟನ್ 7ನೆಯ ತಾರೀಖಿನ ಒಂದೇ ದಿನದಲ್ಲಿ ಐದನೆಯ ದರ್ಜೆಗೇರಿ, ಅದರ ಗಾಳಿ ಗಂಟೆಗೆ 180 ಮೈಲಿ ಮುಟ್ಟಿತು. ಅದನ್ನು ನೋಡಿ ಎಲ್ಲರೂ ಒಟ್ಟಿಗೆ ಹೊರಟಾಗ 75ನೆಯ ಹೆದ್ದಾರಿ ಉತ್ತರದ ಕಡೆಗೆ ತೆವಳುತ್ತಿತ್ತು, ನಮ್ಮ ಭಾಗದ ಅರ್ಧಕ್ಕಿಂತ ಹೆಚ್ಚು ಬಂಕುಗಳಲ್ಲಿ ಪೆಟ್ರೋಲ್ ಮುಗಿದಿತ್ತು. ಆಗಸ್ಟ್‌ನಿಂದ ಟ್ಯಾಂಕು ಅರ್ಧಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ನಿಮ್ಮದು ಎಲೆಕ್ಟ್ರಿಕ್ ಕಾರಾಗಿದ್ದರೆ ಕೆಳಗಿನ ಪಾರ್ಕಿಂಗ್‌ನಲ್ಲಿ ಬಿಟ್ಟು ಹೋಗಬೇಡಿ. ಉಪ್ಪುನೀರು ಹೊಕ್ಕ ಬ್ಯಾಟರಿ ನೀರಿಳಿದು ದಿನಗಳಾದ ಮೇಲೂ ಹೊತ್ತಿಕೊಂಡದ್ದುಂಟು.

ಆಶ್ರಯತಾಣಗಳು ಹೆಚ್ಚಿನವು ಶಾಲೆಗಳೇ. ತಲೆಗೆ ಸುಮಾರು 20 ಚದರಡಿ ನೆಲ ಸಿಗುತ್ತದೆ, ಹಾಸಿಗೆ ಹೊದಿಕೆ ನೀವೇ ಒಯ್ಯಬೇಕು. ಮಂಡಿನೋವಿನವರಿಗೆ ನೆಲದ ಮೇಲೆ ಮಲಗೇಳುವುದೇ ದೊಡ್ಡ ತೊಂದರೆ. ಒಂದು ಮಡಿಸುವ ಕಾಟು ಕೊಂಡಿಟ್ಟರೆ ಉಪಕಾರವಾಗುತ್ತದೆ. ವೈದ್ಯಕೀಯ ನೆರವು ಬೇಕಾದವರಿಗೆ ಬೇರೆಯದೇ ಆಶ್ರಯತಾಣವಿದ್ದು ಅದಕ್ಕೆ ಮೊದಲೇ ಹೆಸರು ನೋಂದಾಯಿಸಬೇಕು. ತಂದೆತಾಯಿ ಬಂದಿಳಿದ ವಾರವೇ ಕೌಂಟಿಗೆ ಕರೆಮಾಡಿ, ಅವರ ಸ್ಥಿತಿ ವಿವರಿಸಿ, ಯಾವುದು ಸರಿಹೊಂದುತ್ತದೆ ಎಂದು ಕೇಳಿಕೊಳ್ಳಿ.

ಬ್ರ್ಯಾಂಡನ್ ಗೃಹಿಣಿ:

ಔಷಧಿ ಮತ್ತು ಕಾಗದಪತ್ರಗಳ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಸೇರಿಸುತ್ತೇನೆ. ಹರಿಕೇನ್ ಎಚ್ಚರಿಕೆಯಿರುವ ಕೌಂಟಿಯಲ್ಲಿ ಮುಂದಿನ ಸಲ ಔಷಧಿ ಕೊಳ್ಳುವ ಗಡುವಿಗೆ ಮೊದಲೇ 30 ದಿನದ ಔಷಧಿ ಪಡೆಯಲು ಫ್ಲಾರಿಡಾದ ಕಾನೂನಿನಲ್ಲಿ ಅವಕಾಶವಿದೆ, ಆದರೆ ಅದು ಇಲ್ಲಿನ ವಿಮೆಯಿರುವ ನಮ್ಮಂಥವರಿಗೆ. ಊರಿನಿಂದ ಔಷಧಿ ತರುವ ನಿಮ್ಮ ತಾಯಿಯವರಿಗೆ ಇಲ್ಲಿನ ವೈದ್ಯರ ಚೀಟಿಯೇ ಇರುವುದಿಲ್ಲ. ಮೈಸೂರಿನ ವೈದ್ಯರಿಂದ ಔಷಧಿಯ ಮೂಲ ಹೆಸರು, ಪ್ರಮಾಣ ಸಹಿತ ಇಂಗ್ಲಿಷಿನಲ್ಲಿ ಬರೆಸಿಕೊಂಡು ಬರಲಿ, ಉಳಿಯುವ ಅವಧಿಗಿಂತ ತುಸು ಹೆಚ್ಚೇ ತರಲಿ. ಬಳಕೆಗೆ ತೆರೆದ ಇನ್ಸುಲಿನ್ ಪೆನ್ನುಗಳಲ್ಲಿ ಹೆಚ್ಚಿನವು 30 ಡಿಗ್ರಿ ಸೆಲ್ಸಿಯಸ್ ಮೀರದ ಕಡೆ ಸುಮಾರು 28 ದಿನ ಬಾಳುತ್ತವೆ. ನಿಮ್ಮ ಪೆನ್ನಿನ ಜೊತೆಗಿರುವ ಸೂಚನೆಯ ಚೀಟಿಯಲ್ಲಿ ಏನಿದೆಯೆಂದು ನೋಡಿ. ಕರೆಂಟಿಲ್ಲದ ಮನೆ ಸೆಕೆಯಲ್ಲಿ ಆ ಮಿತಿಯನ್ನು ಬೇಗ ದಾಟುತ್ತದೆ, ಆದ್ದರಿಂದ ಸಣ್ಣ ತಂಪುಪೆಟ್ಟಿಗೆಯನ್ನು ಕಾರಿಗೆ ಎಲ್ಲಕ್ಕಿಂತ ಮೊದಲು ಇಡಿ. ಆದರೆ ಪೆನ್ನು ಮಂಜುಗಡ್ಡೆಗೆ ನೇರವಾಗಿ ತಾಗಿ ಹೆಪ್ಪುಗಟ್ಟಬಾರದು.

ಎಲ್ಲರ ಪಾಸ್‌ಪೋರ್ಟು, ತಂದೆತಾಯಿಯ ಐ-94 (ದೇಶ ಪ್ರವೇಶದ ದಾಖಲೆ), ನಿಮ್ಮ ಐ-797 (ವಲಸೆ ಇಲಾಖೆಯ ಪತ್ರ), ಬಾಡಿಗೆ ಕರಾರು, ಎಲ್ಲವೂ ಒಂದೇ ನೀರು ಹೊಗದ ಚೀಲದಲ್ಲಿರಲಿ, ಪ್ರತಿಗಳು ಫೋನಿನಲ್ಲೂ ಇರಲಿ. ಬಾಡಿಗೆದಾರರ ಮಾಮೂಲು ವಿಮೆ ಪ್ರವಾಹಕ್ಕೆ ಅನ್ವಯಿಸುವುದಿಲ್ಲ. ರಾಷ್ಟ್ರೀಯ ಪ್ರವಾಹ ವಿಮೆಯಲ್ಲಿ ಮನೆಯೊಳಗಿನ ಸಾಮಾನಿಗೆ ಮಾತ್ರ ಪ್ರತ್ಯೇಕ ಪಾಲಿಸಿ ಸಿಗುತ್ತದೆ, ಸಾಮಾನ್ಯವಾಗಿ ಅದು ಜಾರಿಗೆ ಬರಲು 30 ದಿನ ಬೇಕು. ಮೂರನೆಯ ಅಂತಸ್ತಿನ ನಿಮಗೆ ಅದು ಅಷ್ಟು ಅಗತ್ಯವೆಂದು ನನಗೆ ತೋರುವುದಿಲ್ಲ. ಕಾರಿಗೆ ಮಾತ್ರ ಪ್ರವಾಹದ ಹಾನಿಯನ್ನೂ ಭರಿಸುವ ಸಮಗ್ರ ವಿಮೆ ಇದೆಯೇ ಎಂದು ಇಂದೇ ನೋಡಿ, ಏಕೆಂದರೆ ಚಂಡಮಾರುತ ಹತ್ತಿರವಾದಾಗ ಪಾಲಿಸಿ ಬದಲಾಯಿಸುವುದನ್ನು ಕಂಪನಿಗಳು ನಿಲ್ಲಿಸಿಬಿಡುತ್ತವೆ.